18000 ಬಂತು ಅಂದರೆ ಬಡ್ಡಿಯ ಮೇಲೆ ಬಡ್ಡಿ ಸೇರುತ್ತಿಲ್ಲ

ಪ್ರಶ್ನೆ: ಪೈಥಾನ್ ಕಲಿಯಲು ಶುರು ಮಾಡಿ ಒಂದು ತಿಂಗಳಾಯಿತು. ವೇರಿಯಬಲ್, ಇನ್‌ಪುಟ್, ಇಫ್, ಫಾರ್ ಲೂಪ್ ಇಷ್ಟು ಗೊತ್ತು. ಅಭ್ಯಾಸಕ್ಕೆ ಅಂತ ಚಕ್ರಬಡ್ಡಿ ಲೆಕ್ಕದ ಪ್ರೋಗ್ರಾಮ್ ಬರೆದೆ. ಅಸಲು 10000, ಬಡ್ಡಿ ದರ ಶೇ. 8, ಅವಧಿ 10 ವರ್ಷ. ಲೂಪ್ ಹಾಕಿ ಬರೆದದ್ದು 18000.0 ಅನ್ನುತ್ತದೆ. ಸೂತ್ರ ಹಾಕಿ ಬರೆದದ್ದು 34867844010000.0 ಅನ್ನುತ್ತದೆ. ಸರಿಯಾದ ಉತ್ತರ 21589.25 ಅಂತ ಬೇರೆ ಕಡೆ ನೋಡಿಕೊಂಡೆ. ಎರರ್ ಒಂದೂ ಬರುತ್ತಿಲ್ಲ. ತಪ್ಪು ಎಲ್ಲಿದೆ? ಲೂಪ್ ಬಳಸಬೇಕೋ, ಸೂತ್ರ ಬಳಸಬೇಕೋ?

ಉತ್ತರ: ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ. ತಪ್ಪು ಬಂದ ಸಂಖ್ಯೆಗಳನ್ನು ಹಾಗೇ ಬರೆದು ಕಳಿಸಿದ್ದೀರಿ. ಬಹಳ ಜನ "ಉತ್ತರ ಸರಿ ಬರ್ತಿಲ್ಲ" ಅಂತ ಮಾತ್ರ ಬರೆಯುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕೋಡ್ ನಾನು ನೋಡಿಲ್ಲ. ಆದರೂ ಈ ಎರಡು ಸಂಖ್ಯೆ ಸಾಕು, ತಪ್ಪು ಯಾವ ಸಾಲಿನಲ್ಲಿದೆ ಅಂತ ಹೇಳಬಹುದು. ಎರರ್ ಬರದೆ ತಪ್ಪು ಉತ್ತರ ಬಂದಾಗ ಕೋಡನ್ನು ಮತ್ತೆ ಮತ್ತೆ ಓದುವ ಮೊದಲು ಆ ಉತ್ತರವನ್ನೇ ಸ್ವಲ್ಪ ಹೊತ್ತು ನೋಡಿ. ಈ ಚಿಕ್ಕ ಪ್ರೋಗ್ರಾಮಿನಿಂದ ನೀವು ಕಲಿಯಬೇಕಾದ ಮುಖ್ಯ ವಿಷಯ ಇದೇ ಅಂತ ನನಗೆ ಅನಿಸುತ್ತದೆ, ಹಾಗಾಗಿ ಇದನ್ನೇ ಹಿಡಿದು ಬರೆಯುತ್ತೇನೆ.

ಕೋಡ್ ಬಗ್ಗೆ ಒಂದು ಸೂಚನೆ. ಕೆಳಗೆ ಸಾಲುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಫಾರ್, ಇನ್, ರೇಂಜ್, ಪ್ರಿಂಟ್ ಇವು ಪೈಥಾನಿನ ಸ್ವಂತ ಪದಗಳು, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಅಸಲು, ದರ, ಮೊತ್ತ ಇವು ವೇರಿಯಬಲ್ ಹೆಸರುಗಳು. ಇವನ್ನು ಹೀಗೇ ಕನ್ನಡದಲ್ಲಿ ಬರೆದರೂ ಪೈಥಾನ್ 3 ತಕರಾರು ಮಾಡುವುದಿಲ್ಲ, ಓಡಿಸಿ ನೋಡಿ.

ಮೊದಲು 18000. ಒಂದು ವರ್ಷದ ಬಡ್ಡಿ 800. ಹತ್ತು ವರ್ಷಕ್ಕೆ 8000. ಅಸಲು ಸೇರಿಸಿದರೆ 18000. ಅಂದರೆ ನಿಮ್ಮ ಪ್ರೋಗ್ರಾಮ್ ಪಕ್ಕಾ ಸರಳಬಡ್ಡಿ ಲೆಕ್ಕ ಹಾಕಿದೆ. ಲೂಪ್ ಹತ್ತು ಸಲ ಸರಿಯಾಗಿಯೇ ತಿರುಗಿದೆ, ಆದರೆ ಪ್ರತಿ ಸಲವೂ ಅದೇ 800 ಸೇರಿಸಿದೆ. ಇದು ಆಗುವುದು ಎರಡೇ ರೀತಿ. ಒಂದೋ ಬಡ್ಡಿ ಲೆಕ್ಕದ ಸಾಲನ್ನು ಲೂಪಿಗಿಂತ ಮೇಲೆ ಬರೆದಿದ್ದೀರಿ, ಇಲ್ಲವೇ ಲೂಪಿನ ಒಳಗೇ ಬರೆದಿದ್ದರೂ "ಅಸಲು * ದರ / 100" ಅಂತ ಬರೆದಿದ್ದೀರಿ. ಅಸಲು ಯಾವತ್ತೂ ಬದಲಾಗುವುದಿಲ್ಲ, ಹಾಗಾಗಿ ಬಡ್ಡಿಯೂ ಬದಲಾಗುವುದಿಲ್ಲ. ಬೇಕಾದದ್ದು ಇದು:

ಮೊತ್ತ = ಅಸಲು
ಫಾರ್ ವರ್ಷ ಇನ್ ರೇಂಜ್(1, ಅವಧಿ + 1):
    ಬಡ್ಡಿ = ಮೊತ್ತ * ದರ / 100
    ಮೊತ್ತ = ಮೊತ್ತ + ಬಡ್ಡಿ
    ಪ್ರಿಂಟ್(ವರ್ಷ, ಬಡ್ಡಿ, ಮೊತ್ತ)

ಮೂರನೇ ಸಾಲನ್ನು ಗಮನವಿಟ್ಟು ನೋಡಿ. ಅಲ್ಲಿರುವುದು ಅಸಲು ಅಲ್ಲ, ಮೊತ್ತ. ಇದು ವರ್ಷ ವರ್ಷವೂ ಬೆಳೆಯುತ್ತಾ ಹೋಗುವ ಸಂಖ್ಯೆ. ಚಕ್ರಬಡ್ಡಿ ಅಂದರೇನು ಅನ್ನುವುದೆಲ್ಲ ಆ ಒಂದು ಪದದಲ್ಲಿದೆ: ಹೋದ ವರ್ಷದ ಬಡ್ಡಿಯೂ ಈ ವರ್ಷ ಬಡ್ಡಿ ದುಡಿಯುತ್ತದೆ. ಆ ಪದದ ಜಾಗದಲ್ಲಿ ಅಸಲು ಅಂತ ಹಾಕಿದರೆ ಸರಳಬಡ್ಡಿ, ಮೊತ್ತ ಅಂತ ಹಾಕಿದರೆ ಚಕ್ರಬಡ್ಡಿ. ಎರಡನ್ನೂ ಒಮ್ಮೆ ಓಡಿಸಿ. ಮೊದಲ ವರ್ಷ ಎರಡರಲ್ಲೂ 10800. ಎರಡನೇ ವರ್ಷ ಒಂದರಲ್ಲಿ 11600, ಇನ್ನೊಂದರಲ್ಲಿ 11664. ಆ 64 ಎಲ್ಲಿಂದ ಬಂತು? ಮೊದಲ ವರ್ಷದ 800ರ ಮೇಲೆ ಶೇ. 8. ಇದನ್ನು ಒಮ್ಮೆ ಕೈಯಲ್ಲೇ ಕೂಡಿ ನೋಡಿ, ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಇದು ಹೆಚ್ಚು ಕಾಲ ತಲೆಯಲ್ಲಿ ಉಳಿಯುತ್ತದೆ.

ಈಗ ಆ ದೊಡ್ಡ ಸಂಖ್ಯೆ. 34867844010000ವನ್ನು ಅಸಲು 10000ದಿಂದ ಭಾಗಿಸಿ. 3486784401 ಬರುತ್ತದೆ. ಇದು 9ರ ಘಾತ 10, ಅಂದರೆ ಒಂಬತ್ತನ್ನು ಹತ್ತು ಸಲ ಗುಣಿಸಿದ್ದು. ಒಂಬತ್ತು ಯಾಕೆ ಬಂತು? 1 + 8. ನೀವು ದರವನ್ನು ನೂರರಿಂದ ಭಾಗಿಸಲು ಮರೆತಿದ್ದೀರಿ. ಪೈಥಾನಿಗೆ ಶೇಕಡ ಅನ್ನುವುದು ಗೊತ್ತಿಲ್ಲ, 8 ಅಂದರೆ ಅದಕ್ಕೆ ಬರೀ 8. ಹಾಗಾಗಿ ಅದು ವರ್ಷಕ್ಕೆ ಶೇ. 800 ಬಡ್ಡಿ ಹಾಕಿ ನಿಷ್ಠೆಯಿಂದ ಉತ್ತರ ಕೊಟ್ಟಿದೆ. ಸರಿಯಾದ ಸಾಲು:

ಮೊತ್ತ = ಅಸಲು * (1 + ದರ / 100) ** ಅವಧಿ

ಈಗ 21589.25 ಬರುತ್ತದೆ, ಅಂದರೆ ದಶಾಂಶದ ಬಾಲವನ್ನು ಹತ್ತಿರದ ಎರಡು ದಶಾಂಶಕ್ಕೆ ರೌಂಡ್ ಮಾಡಿ ನೋಡಿದರೆ. ಆ ಬಾಲದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಸಣ್ಣದಲ್ಲ.

ಘಾತಕ್ಕೆ ಎರಡು ನಕ್ಷತ್ರ. ಕ್ಯಾಲ್ಕುಲೇಟರಿನಲ್ಲೋ ಸ್ಪ್ರೆಡ್‌ಶೀಟಿನಲ್ಲೋ ^ ಬಳಸಿ ಅಭ್ಯಾಸ ಇದ್ದವರು ಇಲ್ಲೂ ಅದನ್ನೇ ಹಾಕುತ್ತಾರೆ. ಪೈಥಾನಿನಲ್ಲಿ ಅದರ ಅರ್ಥವೇ ಬೇರೆ, ಅದು ಎರಡು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸುವ ಗುರುತು. 2 ^ 3 ಅಂತ ಕೊಟ್ಟು ನೋಡಿ, 8 ಬರುವುದಿಲ್ಲ, 1 ಬರುತ್ತದೆ. ನಮ್ಮ ಸೂತ್ರದಲ್ಲಿ ದಶಾಂಶ ಸಂಖ್ಯೆ ಇರುವುದರಿಂದ ಅಲ್ಲಿ ^ ಹಾಕಿದರೆ ಟೈಪ್ ಎರರ್ ಬರುತ್ತದೆ. ಎರರ್ ಬಂದರೆ ಬೇಜಾರಾಗಬೇಡಿ. ಸುಮ್ನೆ ತಪ್ಪು ಉತ್ತರ ಕೊಡುವುದಕ್ಕಿಂತ ಅದು ಎಷ್ಟೋ ಮೇಲು.

ಲೂಪೋ ಸೂತ್ರವೋ ಅಂತ ಕೇಳಿದ್ದೀರಿ. ನನ್ನ ಉತ್ತರ: ಎರಡೂ, ಮತ್ತು ಮೊದಲು ಲೂಪ್. ಹೆಚ್ಚಿನವರು ಸೂತ್ರದಿಂದ ಶುರು ಮಾಡಿಸುತ್ತಾರೆ, ಒಂದೇ ಸಾಲಿನಲ್ಲಿ ಮುಗಿಯುತ್ತದಲ್ವಾ ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಸೂತ್ರ ಕೊನೆಯ ಉತ್ತರ ಮಾತ್ರ ಕೊಡುತ್ತದೆ, ತಪ್ಪಿದ್ದರೆ ಎಲ್ಲಿ ತಪ್ಪಿತು ಅಂತ ತೋರಿಸುವುದಿಲ್ಲ. ಲೂಪ್ ಆದರೆ ವರ್ಷ ವರ್ಷದ ಪಟ್ಟಿ ಕೊಡುತ್ತದೆ, ನೀವು ಬೆರಳಿಟ್ಟು ಓದಬಹುದು. ಎರಡೂ ಬರೆದ ಮೇಲೆ ಒಂದನ್ನು ಇನ್ನೊಂದಕ್ಕೆ ಸಾಕ್ಷಿ ನಿಲ್ಲಿಸಿ. ಬೇರೆ ಬೇರೆ ದಾರಿಯಲ್ಲಿ ಹೋಗಿ ಎರಡೂ ಒಂದೇ ಕಡೆ ಬಂದರೆ ನಂಬಬಹುದು. ನಿಮ್ಮ ವಿಷಯದಲ್ಲೇ ನೋಡಿ, ಒಂದು 18000 ಅಂದಿತು, ಇನ್ನೊಂದು ಕೋಟಿಗಟ್ಟಲೆ ಅಂದಿತು. ಹಾಗಾಗಿ ಏನೋ ಸರಿ ಇಲ್ಲ ಅಂತ ನಿಮಗೇ ತಿಳಿಯಿತು. ಬರೀ ಲೂಪ್ ಬರೆದಿದ್ದರೆ 18000 ಸರಿ ಅಂತಲೇ ಅನಿಸಬಹುದಿತ್ತು, ನೋಡಲು ಅದು ಸರಿಯಾಗಿಯೇ ಕಾಣುತ್ತದೆ.

ಒಂದು ಎಚ್ಚರಿಕೆ: ಎರಡನ್ನೂ ಹೋಲಿಸುವಾಗ ನೇರವಾಗಿ ಸಮ ಚಿಹ್ನೆ ಹಾಕಿ ಹೋಲಿಸಬೇಡಿ. ಪೈಥಾನಿನಲ್ಲಿ 0.1 + 0.2 ಕೂಡಿಸಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಈ ಸಂಖ್ಯೆಗಳನ್ನು ಎರಡರ ಆಧಾರದಲ್ಲಿ ಇಡುತ್ತದೆ, ಹತ್ತನೇ ಒಂದು ಭಾಗ ಅದರಲ್ಲಿ ಪೂರ್ತಿಯಾಗಿ ಕೂರುವುದಿಲ್ಲ. ನಾವು ಮೂರನೇ ಒಂದನ್ನು 0.333 ಅಂತ ಎಷ್ಟು ಬರೆದರೂ ಮುಗಿಯುವುದಿಲ್ಲವಲ್ಲ, ಹಾಗೆ. ದೊಡ್ಡದರಿಂದ ಚಿಕ್ಕದನ್ನು ಕಳೆದು ವ್ಯತ್ಯಾಸ ತೆಗೆದು, ಅದು 0.001ಕ್ಕಿಂತ ಕಡಿಮೆ ಇದೆಯಾ ಅಂತ ನೋಡಿದರೆ ಸಾಕು.

ಲೂಪ್ ಬರೆಯುವಾಗ ಇನ್ನೊಂದು ಕಡೆ ಎಲ್ಲರೂ ಒಮ್ಮೆ ಎಡವುತ್ತಾರೆ. ರೇಂಜ್(1, 10) ಅಂದರೆ 1ರಿಂದ 9ರವರೆಗೆ, ಹತ್ತು ಅದರಲ್ಲಿ ಸೇರುವುದಿಲ್ಲ. ಅದಕ್ಕೇ ಮೇಲೆ "ಅವಧಿ + 1" ಅಂತ ಹಾಕಿದ್ದು. ಇದನ್ನು ಮರೆತರೆ ನಿಮಗೆ 19990.05 ಬರುತ್ತದೆ, ಒಂಬತ್ತು ವರ್ಷದ ಮೊತ್ತ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇನ್‌ಪುಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇನ್‌ಪುಟ್ ಯಾವಾಗಲೂ ಕೊಡುವುದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಅದನ್ನು ಹಾಗೇ ಇಟ್ಟುಕೊಂಡು 2ರಿಂದ ಗುಣಿಸಿದರೆ 20000 ಬರುವುದಿಲ್ಲ, 1000010000 ಬರುತ್ತದೆ, ಅದೇ ಅಕ್ಷರಗಳನ್ನು ಎರಡು ಸಲ ಅಂಟಿಸಿ ಕೊಡುತ್ತದೆ. ಹಾಗಾಗಿ ಓದಿದ ಕೂಡಲೇ ಅಸಲು ಮತ್ತು ದರವನ್ನು ಫ್ಲೋಟ್ (ದಶಾಂಶ ಸಂಖ್ಯೆ) ಮಾಡಿ, ಅವಧಿಯನ್ನು ಇಂಟ್ (ಪೂರ್ಣಾಂಕ) ಮಾಡಿ. ಜನ 10,000 ಅಂತ ಅಲ್ಪವಿರಾಮ ಹಾಕಿ ಕೊಡುತ್ತಾರೆ, 8% ಅಂತಲೂ ಕೊಡುತ್ತಾರೆ, ಎರಡಕ್ಕೂ ಫ್ಲೋಟ್ ವ್ಯಾಲ್ಯೂ ಎರರ್ ಎಸೆಯುತ್ತದೆ. ರಿಪ್ಲೇಸ್ ಬಳಸಿ ಆ ಗುರುತುಗಳನ್ನು ಮೊದಲೇ ತೆಗೆದುಬಿಡಿ. ಆದರೆ ೮.೫ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕೊಟ್ಟರೆ ಫ್ಲೋಟ್ ಅದನ್ನು ಸರಿಯಾಗಿ 8.5 ಅಂತಲೇ ಓದುತ್ತದೆ. ಇದು ನನಗೆ ಮೊದಲ ಸಲ ಗೊತ್ತಾದಾಗ ತುಂಬಾ ಖುಷಿಯಾಗಿತ್ತು. ಕೋಡಿನ ಒಳಗೆ ಮಾತ್ರ ಕನ್ನಡ ಅಂಕಿ ನಡೆಯುವುದಿಲ್ಲ, ಬಳಸುವವರು ಕೊಡುವ ಇನ್‌ಪುಟ್‌ನಲ್ಲಿ ನಡೆಯುತ್ತದೆ.

ಈಗ ಮುಂದಿನ ಹೆಜ್ಜೆ. ಬಡ್ಡಿ ವರ್ಷಕ್ಕೊಮ್ಮೆ ಮಾತ್ರ ಸೇರಬೇಕು ಅಂತ ಏನಿಲ್ಲ. ಆರು ತಿಂಗಳಿಗೆ, ಮೂರು ತಿಂಗಳಿಗೆ, ಪ್ರತಿ ತಿಂಗಳೂ ಸೇರಬಹುದು. ವರ್ಷಕ್ಕೆ ಎಷ್ಟು ಸಲ ಸೇರುತ್ತದೆ ಅನ್ನುವುದಕ್ಕೆ "ಸಲ" ಅಂತ ಒಂದು ವೇರಿಯಬಲ್ ಇಡಿ:

ಮೊತ್ತ = ಅಸಲು * (1 + ದರ / 100 / ಸಲ) ** (ಸಲ * ಅವಧಿ)

ಇಲ್ಲಿ ಸಲ ಎರಡು ಕಡೆ ಬರುತ್ತದೆ. ಒಂದು ಕಡೆ ದರವನ್ನು ಹಂಚುತ್ತದೆ, ಇನ್ನೊಂದು ಕಡೆ ಎಷ್ಟು ಬಾರಿ ಅಂತ ಎಣಿಸುತ್ತದೆ. ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆಯುವುದು ಬಹಳ ಸಾಮಾನ್ಯ, ಇಲ್ಲೂ ತಪ್ಪು ಉತ್ತರ ನೋಡಿದರೇ ತಪ್ಪು ಯಾವುದು ಅಂತ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಅಂತ ಸಲಕ್ಕೆ 12 ಕೊಟ್ಟಿದ್ದೀರಿ ಅಂದುಕೊಳ್ಳಿ. ದರವನ್ನು 12ರಿಂದ ಭಾಗಿಸಿ ಘಾತದಲ್ಲಿ ಬರೀ ಅವಧಿ ಹಾಕಿದರೆ 10687.03 ಬರುತ್ತದೆ: ಹತ್ತು ವರ್ಷದ ಬದಲು ಹತ್ತು ತಿಂಗಳ ಲೆಕ್ಕ. ಘಾತದಲ್ಲಿ ಗುಣಿಸಿ ದರವನ್ನು ಹಂಚದಿದ್ದರೆ ಹತ್ತು ಕೋಟಿ ದಾಟುತ್ತದೆ, ಯಾಕಂದ್ರೆ ಪ್ರತಿ ತಿಂಗಳೂ ಶೇ. 8 ಸೇರುತ್ತಿದೆ. ಮೂರನೆಯದು ಸ್ವಲ್ಪ ಕಳ್ಳತನದ್ದು. ಕೊನೆಯ ಆವರಣ ಬಿಟ್ಟು "** ಸಲ * ಅವಧಿ" ಅಂತ ಬರೆದರೆ ಪೈಥಾನ್ ಮೊದಲು 12ರ ಘಾತ ಮಾಡಿ ಆಮೇಲೆ ಇಡೀ ಉತ್ತರವನ್ನು ಹತ್ತರಿಂದ ಗುಣಿಸುತ್ತದೆ, 108299.95 ಬರುತ್ತದೆ. ನಕ್ಷತ್ರ ಎರಡಿದ್ದಾಗ ಅದಕ್ಕೇ ಮೊದಲ ಪಾಳಿ. ಅನುಮಾನ ಬಂದಲ್ಲೆಲ್ಲ ಆವರಣ ಹಾಕಿ, ಜಾಸ್ತಿ ಆದರೂ ನಷ್ಟ ಇಲ್ಲ.

ಎಲ್ಲ ಸರಿ ಇದ್ದರೆ ಅದೇ 10000ಕ್ಕೆ, ಅದೇ ಶೇ. 8ಕ್ಕೆ, ಹತ್ತು ವರ್ಷದಲ್ಲಿ ಆರು ತಿಂಗಳಿಗೊಮ್ಮೆ ಸೇರಿದರೆ 21911.23, ಮೂರು ತಿಂಗಳಿಗೊಮ್ಮೆ 22080.40, ತಿಂಗಳಿಗೊಮ್ಮೆ 22196.40, ದಿನಕ್ಕೊಮ್ಮೆ ಅಂತ 365 ಕೊಟ್ಟರೆ 22253.46. ಗಮನಿಸಿದಿರಾ, ವರ್ಷದಿಂದ ತಿಂಗಳಿಗೆ ಬಂದಾಗ 607 ಜಾಸ್ತಿಯಾಯಿತು, ತಿಂಗಳಿಂದ ದಿನಕ್ಕೆ ಬಂದಾಗ ಬರೀ 57. ಇನ್ನೂ ಚಿಕ್ಕದಾಗಿ, ಗಂಟೆಗೊಮ್ಮೆ, ಕ್ಷಣಕ್ಕೊಮ್ಮೆ ಸೇರಿಸುತ್ತಾ ಹೋದರೂ 22255.41ರ ಹತ್ತಿರ ಬಂದು ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ ಅಂತ ಯೋಚಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೌಲಿ ಒಬ್ಬರು, 1683ರಲ್ಲಿ. ಅವರು ನೋಡಿದ ಲೆಕ್ಕವನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಓಡಿಸಬಹುದು: ಅಸಲು 1, ದರ 100, ಅವಧಿ 1. ಸಲಕ್ಕೆ 1 ಕೊಟ್ಟರೆ 2. ಎರಡು ಕೊಟ್ಟರೆ 2.25. ನಾಲ್ಕಕ್ಕೆ 2.4414, ಹನ್ನೆರಡಕ್ಕೆ 2.6130, 365ಕ್ಕೆ 2.7146. ಇದು 2.71828ರ ಕಡೆಗೆ ಹೋಗುತ್ತಿದೆ. ಗಣಿತದಲ್ಲಿ 'ಇ' ಅಂತ ಕರೆಯುವ ಸಂಖ್ಯೆ ಇದೇ. ಇಷ್ಟು ದೊಡ್ಡ ವಿಷಯ ನಿಮ್ಮ ಐದು ಸಾಲಿನ ಕೋಡಿನಿಂದ ಕಣ್ಣೆದುರು ಬರುತ್ತದೆ, ಅದಕ್ಕೇ ಈ ಅಭ್ಯಾಸ ನನಗೆ ಇಷ್ಟ.

ಈಗ ದಶಾಂಶದ ಬಾಲ. ಪ್ರಿಂಟ್ ಮಾಡಿದಾಗ ಉದ್ದುದ್ದ ಸಂಖ್ಯೆ ಬರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಆಗ ಹೊಸಬರು ಮಾಡುವ ಮೊದಲ ಕೆಲಸ ಏನಂದ್ರೆ ಲೂಪಿನ ಒಳಗೇ ರೌಂಡ್ ಹಾಕುವುದು: "ಮೊತ್ತ = ರೌಂಡ್(ಮೊತ್ತ + ಬಡ್ಡಿ, 2)". ಹಾಕಿ ನೋಡಿ. ಮೊದಲ ಮೂರು ವರ್ಷ ಏನೂ ವ್ಯತ್ಯಾಸ ಇಲ್ಲ: 10800, 11664, 12597.12. ನಾಲ್ಕನೇ ವರ್ಷ ನಿಜವಾದ ಮೊತ್ತ 13604.8896, ಅದು 13604.89 ಆಗುತ್ತದೆ. ಆರನೇ ವರ್ಷ 15868.7424 ಬಂದು 15868.74ಕ್ಕೆ ಇಳಿಯುತ್ತದೆ. ಹೀಗೇ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತಾ ಹತ್ತನೇ ವರ್ಷಕ್ಕೆ ಲೂಪ್ 21589.24 ಅನ್ನುತ್ತದೆ. ಸೂತ್ರ 21589.25 ಅನ್ನುತ್ತದೆ. ಬರೀ 0.01 ವ್ಯತ್ಯಾಸ. ಒಮ್ಮೆ ಇಂಥದ್ದೇ ಒಂದು ವ್ಯತ್ಯಾಸ ಹಿಡಿದುಕೊಂಡು ನಾನು ಇಡೀ ಸಂಜೆ ಕೂತಿದ್ದೆ, ಕೋಡಿನಲ್ಲಿ ತಪ್ಪೇ ಇರಲಿಲ್ಲ, ಎರಡು ಕಡೆ ರೌಂಡ್ ಮಾಡುವ ಹೊತ್ತು ಬೇರೆ ಬೇರೆ ಇತ್ತು ಅಷ್ಟೇ.

ಹಾಗಾದರೆ ಯಾವುದು ಸರಿ? ನೀವು ಏನನ್ನು ಲೆಕ್ಕ ಹಾಕುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಪ್ರತಿ ವರ್ಷವೂ ಎರಡು ದಶಾಂಶಕ್ಕೆ ರೌಂಡ್ ಮಾಡಿ ಖಾತೆಗೆ ಬರೆಯುವ ಪದ್ಧತಿ ಇದ್ದರೆ 21589.24 ಸರಿ. ಗಣಿತದ ಉತ್ತರ ಬೇಕಿದ್ದರೆ 21589.25. ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು: ಲೆಕ್ಕದ ಒಳಗೆ ರೌಂಡ್ ಬೇಡ, ತೋರಿಸುವಾಗ ಮಾತ್ರ ಎರಡು ದಶಾಂಶ. ಎಫ್-ಸ್ಟ್ರಿಂಗಿನಲ್ಲಿ (ಉದ್ಧರಣ ಚಿಹ್ನೆಯ ಮೊದಲು ಇಂಗ್ಲಿಷಿನ ಎಫ್ ಬರೆದು, ವೇರಿಯಬಲನ್ನು {} ಒಳಗೆ ಇಡುವ ಸ್ಟ್ರಿಂಗ್) ವೇರಿಯಬಲ್ ಹೆಸರಿನ ಮುಂದೆ ಕೋಲನ್ ಹಾಕಿ, ಅದರ ಮುಂದೆ ಚುಕ್ಕಿ, 2, ಮತ್ತು ಇಂಗ್ಲಿಷಿನ ಎಫ್ ಅಕ್ಷರ ಬರೆದರೆ ಆಯಿತು. ಅದು ಸಂಖ್ಯೆಯನ್ನು ಮುಟ್ಟುವುದಿಲ್ಲ, ಕಾಣುವ ರೂಪ ಮಾತ್ರ ಬದಲಾಯಿಸುತ್ತದೆ. ರೌಂಡ್ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ: ರೌಂಡ್(2.5) ಕೊಟ್ಟರೆ 3 ಬರುವುದಿಲ್ಲ, 2 ಬರುತ್ತದೆ. ಸರಿಯಾಗಿ ಅರ್ಧದಲ್ಲಿದ್ದರೆ ಪೈಥಾನ್ ಸಮಸಂಖ್ಯೆಯ ಕಡೆ ಹೋಗುತ್ತದೆ. ಮುಂದೆ ನಿಜವಾಗಿ ಹಣದ ಪ್ರೋಗ್ರಾಮ್ ಬರೆಯುವ ಹೊತ್ತಿಗೆ ಡೆಸಿಮಲ್ ಮಾಡ್ಯೂಲ್ ಕಲಿಯಿರಿ, ಈಗಲೇ ಬೇಡ.

ಪ್ರೋಗ್ರಾಮ್ ಸರಿ ಇದೆಯಾ ಅಂತ ನೋಡಲು ಬೇರೆ ಕ್ಯಾಲ್ಕುಲೇಟರ್ ಹುಡುಕಬೇಕಾಗಿಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ. ದರ 0 ಕೊಟ್ಟರೆ ಅಸಲೇ ವಾಪಸ್ ಬರಬೇಕು. ಅವಧಿ 0 ಕೊಟ್ಟರೂ ಅಷ್ಟೇ. ಅವಧಿ 1, ಸಲ 1 ಕೊಟ್ಟರೆ ಸರಳಬಡ್ಡಿಯಷ್ಟೇ ಬರಬೇಕು. ದರ 100, ಸಲ 1 ಕೊಟ್ಟು 3 ವರ್ಷ ಅಂದರೆ ಎಂಟು ಪಟ್ಟಾಗಬೇಕು. ಈ ನಾಲ್ಕನ್ನೂ ಹಾದುಬಂದರೆ ಅರ್ಧ ಗೆದ್ದ ಹಾಗೆ. ಹೀಗೆ ಪದೇ ಪದೇ ಕೇಳಲು ಸುಲಭವಾಗಬೇಕು ಅಂದರೆ ಲೆಕ್ಕವನ್ನು ಒಂದು ಫಂಕ್ಷನ್ ಮಾಡಿ: ಅಸಲು, ದರ, ಅವಧಿ, ಸಲ ಒಳಗೆ ಹೋಗಲಿ, ಮೊತ್ತ ಹೊರಗೆ ಬರಲಿ. ಅದರ ಒಳಗೆ ಇನ್‌ಪುಟ್ಟೂ ಬೇಡ, ಪ್ರಿಂಟೂ ಬೇಡ. ಕೇಳುವುದು, ಲೆಕ್ಕ ಹಾಕುವುದು, ತೋರಿಸುವುದು ಮೂರೂ ಬೇರೆ ಬೇರೆ ಇದ್ದರೆ ಒಂದು ಕೆಟ್ಟಾಗ ಇನ್ನೊಂದನ್ನು ಅನುಮಾನಿಸಬೇಕಾಗಿಲ್ಲ.

ಇಷ್ಟಾದ ಮೇಲೆ ಒಂದು ಕೆಲಸ ಕೊಡುತ್ತೇನೆ. ಹಣ ಎಷ್ಟು ವರ್ಷಕ್ಕೆ ಎರಡು ಪಟ್ಟಾಗುತ್ತದೆ ಅಂತ ಬಾಯಲ್ಲೇ ಹೇಳಲು ಹಳೆಯ ಲೆಕ್ಕ ಒಂದಿದೆ, 72ನ್ನು ದರದಿಂದ ಭಾಗಿಸುವುದು. ಇಟಲಿಯ ಗಣಿತಜ್ಞ ಲುಕಾ ಪಚೋಲಿ 1494ರಲ್ಲೇ ಇದನ್ನು ಬರೆದಿದ್ದಾರೆ. ಶೇ. 8ಕ್ಕೆ 9 ವರ್ಷ ಬರುತ್ತದೆ. ನೀವು ಫಾರ್ ತೆಗೆದು ವೈಲ್ ಲೂಪ್ ಹಾಕಿ, ಮೊತ್ತ ಅಸಲಿನ ಎರಡರಷ್ಟಕ್ಕಿಂತ ಕಡಿಮೆ ಇರುವವರೆಗೂ ತಿರುಗಿಸಿ, ಎಷ್ಟು ಸಲ ತಿರುಗಿತು ಅಂತ ಎಣಿಸಿ. ನಿಮ್ಮ ಪ್ರೋಗ್ರಾಮ್ 9 ಅನ್ನುವುದಿಲ್ಲ, 10 ಅನ್ನುತ್ತದೆ. ಗಾಬರಿಯಾಗಿ ಕೋಡ್ ತಿದ್ದಲು ಹೋಗಬೇಡಿ. ಒಂಬತ್ತನೇ ವರ್ಷದ ಸಾಲು ಪ್ರಿಂಟ್ ಮಾಡಿಸಿ ನೋಡಿ, ಆಗಲೇ ಹೇಳಿದ 19990.05 ಅಲ್ಲಿ ಕೂತಿರುತ್ತದೆ: 20000ಕ್ಕೆ ಇನ್ನು 9.95 ಕಡಿಮೆ.